ಬೋರ್ಡ್ ಬರೆಯುವ ಮುನ್ನ

ನೀನು ಕಳಿಸಿದ ಪ್ರೀಆಂಪ್ಲಿಫೈಯರಿನ ಪಾರ್ಟ್ಸ್ ಪಟ್ಟಿ, ಬೋರ್ಡಿನ ನಕ್ಷೆ ಎರಡನ್ನೂ ನೋಡಿದೆ, ಮರಿ. ನಕ್ಷೆ ಅಚ್ಚುಕಟ್ಟಾಗಿದೆ, ಕೈ ಪಳಗಿದೆ ನಿನಗೆ. ಆದರೂ ಅದನ್ನು ತಯಾರಿಕೆಗೆ ಕಳಿಸುವುದನ್ನು ಇನ್ನೊಂದೆರಡು ವಾರ ತಡೆದುಕೋ. ಪಟ್ಟಿಯಲ್ಲಿ ಬರೆದಿರುವ ವಾಲ್ಯೂಮ್ ಪಾಟ್ ಇನ್ನೂ ನಿನ್ನ ಕೈಯಲ್ಲಿಲ್ಲ. ಟ್ರಾನ್ಸ್‌ಫಾರ್ಮರ್ ಬಂದಿಲ್ಲ. ಇದೆಲ್ಲ ಕೂರುವ ಡಬ್ಬಿ ಯಾವುದು ಅಂತ ಕೇಳಿದರೆ ಆಮೇಲೆ ನೋಡೋಣ ದೊಡ್ಡಮ್ಮ ಅಂದೆ. ಮೂರೂ ಇಲ್ಲದೆ ಬೋರ್ಡಿನ ಅಳತೆ ನಿನಗೆ ಎಲ್ಲಿಂದ ಸಿಕ್ಕಿತು?

ನಮ್ಮ ಕಡೆ ಮನೆ ಕಟ್ಟುವಾಗ ಬಾಗಿಲವಾಡವನ್ನು ಬಡಗಿಯಿಂದ ಮಾಡಿಸಿ ತಂದು, ಪೂಜೆ ಮಾಡಿ ನಿಲ್ಲಿಸಿದ ಮೇಲೆಯೇ ಅದರ ಎರಡೂ ಪಕ್ಕ ಗೋಡೆ ಏಳಿಸುತ್ತಾರೆ. ಬೋರ್ಡೂ ಆ ಗೋಡೆಯೇ ಕಣೋ. ಬಗ್ಗದ, ಬದಲಾಗದ, ಸುಲಭಕ್ಕೆ ಸಿಗದ ಪಾರ್ಟ್ ಯಾವುದಿದೆಯೋ ಅದು ಮೊದಲು ಮನೆಗೆ ಬರಬೇಕು. ಅದರ ಕಾಲುಗಳನ್ನು ಅಳೆದ ಮೇಲೆ ತಾಮ್ರದ ಗೆರೆ. ನಾನು ಟೆಸ್ಟ್ ಬೆಂಚಿನ ಮುಂದೆ ಕೂತು ದುಡಿದವಳು. ನನ್ನ ಮುಂದೆ ಬಂದ ಕೆಲಸ ಮಾಡದ ಬೋರ್ಡುಗಳಲ್ಲಿ ಸರ್ಕ್ಯೂಟೇ ತಪ್ಪಾಗಿದ್ದದ್ದು ಅಪರೂಪ. ಕಾಲು ತೂತಿಗೆ ಇಳಿಯದ್ದು, ರೆಗ್ಯುಲೇಟರ್ ತಿರುಗುಮುರುಗಾಗಿ ಕೂತದ್ದು, ಗ್ರೌಂಡ್ ಎಲ್ಲೋ ಸುತ್ತಿ ಬಂದದ್ದು, ಇವೇ ಹೆಚ್ಚು.

ಎಲ್ಲಕ್ಕಿಂತ ಮೊದಲು ಒಂದು ಹಾಳೆ ತೆಗೆದುಕೊಂಡು ವೋಲ್ಟೇಜಿನ ಲೆಕ್ಕ ಬರಿ. ಸಿ.ಡಿ. ಪ್ಲೇಯರ್, ಕಂಪ್ಯೂಟರಿಗೆ ಜೋಡಿಸುವ ಡಿಎಸಿ, ತಾತನ ರೆಕಾರ್ಡ್ ಪ್ಲೇಯರ್, ಈ ಮೂರರಿಂದ ನಿನಗೆ ಹಾಡು ಬರಬೇಕು. ಸಿ.ಡಿ. ಪ್ಲೇಯರ್, ಡಿಎಸಿ ಎರಡೂ ಪೂರ್ತಿ ಮಟ್ಟದಲ್ಲಿ ಸುಮಾರು 2 ವೋಲ್ಟ್ ಕೊಡುತ್ತವೆ. ಆ ಕಡೆ ನೀನೇ ಕಟ್ಟಿದ ಪವರ್ ಆಂಪ್ಲಿಫೈಯರ್ 1 ವೋಲ್ಟಿಗೆಲ್ಲ ತನ್ನ ಪೂರ್ತಿ ಶಕ್ತಿ ಕೊಡುತ್ತದೆ. ಅಂದರೆ ಈ ಎರಡಕ್ಕೆ ಹೆಚ್ಚಿಸುವ ಮಾತೇ ಇಲ್ಲ, ಇಳಿಸುವುದಷ್ಟೇ ಕೆಲಸ. ರೆಕಾರ್ಡ್ ಪ್ಲೇಯರಿನ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್ ಮಾತ್ರ 1 ಕಿಲೋಹರ್ಟ್ಸ್‌ನಲ್ಲಿ ಸುಮಾರು 5 ಮಿಲಿವೋಲ್ಟ್ ಕೊಡುತ್ತದೆ. ಅದನ್ನು ಫೋನೋ ಹಂತದಲ್ಲಿ 100 ಪಟ್ಟು, ಅಂದರೆ 40 ಡಿಬಿ ಏರಿಸಿದರೆ ಅರ್ಧ ವೋಲ್ಟ್ ಆಯಿತು. ಮುಂದಿನ ಲೈನ್ ಹಂತ ಮೂರು ಪಟ್ಟು ಏರಿಸಿದರೆ ಧಾರಾಳ.

ನೀನು ಲೈನ್ ಹಂತಕ್ಕೆ ಇಪ್ಪತ್ತು ಪಟ್ಟು ಇಟ್ಟಿದ್ದೀಯ. ಇರಲಿ ಬಿಡು, ಹೆಚ್ಚಿದ್ದರೆ ಒಳ್ಳೆಯದೇ ಅಂತ ತೋರುತ್ತದೆ, ಗೊತ್ತು. ಆದರೆ ಅಷ್ಟು ಹೆಚ್ಚಳವಿದ್ದರೆ ವಾಲ್ಯೂಮ್ ಗುಂಡಿ ಯಾವಾಗಲೂ ತಿರುಗುವಿಕೆಯ ಆರಂಭದಲ್ಲೇ ನಿಲ್ಲುತ್ತದೆ. ಅಲ್ಲಿಂದ ಸ್ವಲ್ಪ ಮುಂದಕ್ಕೆ ಹೋದರೆ ಅಕ್ಕಪಕ್ಕದ ಮನೆಯವರು ಬಂದು ಬಾಗಿಲು ತಟ್ಟುತ್ತಾರೆ. ಡಬಲ್ ಗ್ಯಾಂಗ್ ಪಾಟುಗಳಲ್ಲಿ ಎಡಕ್ಕೂ ಬಲಕ್ಕೂ ಹೊಂದಾಣಿಕೆ ತಪ್ಪುವುದು ಸರಿಯಾಗಿ ಆ ಜಾಗದಲ್ಲೇ. ಸಾಧಾರಣ ಕಾರ್ಬನ್ ಪಾಟಿನಲ್ಲಿ ಅಲ್ಲಿ 2-3 ಡಿಬಿ ವ್ಯತ್ಯಾಸ ಸಾಮಾನ್ಯ. ಮೆಲ್ಲನೆ ಹಾಕಿ ಕೇಳಿದಾಗ ಹಾಡುವವರು ಒಂದು ಪಕ್ಕಕ್ಕೆ ಸರಿದುಬಿಡುತ್ತಾರೆ. ಜನ ದುಬಾರಿ ಪಾಟ್ ಹುಡುಕಿಕೊಂಡು ಹೋಗುತ್ತಾರೆ. ಹೆಚ್ಚಳ ಇಳಿಸಿದ್ದರೆ ಸಾಕಿತ್ತು, ಅದೇ ಪಾಟ್ ನಡುಭಾಗದಲ್ಲಿ ನಿಂತು ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ನೋಡು, ಒಂದು ಹಾಳೆಯ ಲೆಕ್ಕ ಒಂದು ಪಾರ್ಟಿನ ಬೆಲೆ ಉಳಿಸಿತು.

ಪಾಟ್ 10 ಕಿಲೋ ಓಮ್ ಇರಲಿ, ಲಾಗ್ ಇರಲಿ. ಕೊಳ್ಳುವಾಗ ಬೆನ್ನ ಮೇಲಿನ ಅಕ್ಷರ ನೋಡು. ಜಪಾನ್, ತೈವಾನ್ ಕಡೆಯ ಪಾಟುಗಳಲ್ಲಿ 'ಎ' ಅಂದರೆ ಲಾಗ್, 'ಬಿ' ಅಂದರೆ ಲೀನಿಯರ್. ನಿನ್ನ ನಕ್ಷೆಯಲ್ಲಿರುವ 100 ಕಿಲೋ ಓಮ್ ಬೇಡ, ಅದಕ್ಕೆ ಕಾರಣವಿದೆ. ಪಾಟಿನ ನಡುಕಾಲಿನಲ್ಲಿ ಕಾಣುವ ಅತಿ ಹೆಚ್ಚಿನ ರೆಸಿಸ್ಟೆನ್ಸ್ ಅದರ ಒಟ್ಟು ರೆಸಿಸ್ಟೆನ್ಸಿನ ಕಾಲು ಭಾಗ. 10 ಕಿಲೋಗೆ ಅದು 2.5 ಕಿಲೋ, 100 ಕಿಲೋಗೆ 25 ಕಿಲೋ. ಯಾವ ರೆಸಿಸ್ಟರೇ ಆಗಲಿ ಸುಮ್ಮನೆ ಕೂತಿದ್ದರೂ ತನ್ನ ಬಿಸಿಯಿಂದಲೇ ಒಂದಿಷ್ಟು ನಾಯ್ಸ್ ಹುಟ್ಟಿಸುತ್ತದೆ. 1 ಕಿಲೋ ಓಮಿಗೆ ಪ್ರತಿ ರೂಟ್ ಹರ್ಟ್ಸ್‌ಗೆ ಸುಮಾರು 4 ನ್ಯಾನೋವೋಲ್ಟ್, 10 ಕಿಲೋಗೆ ಸುಮಾರು 13. ಇನ್ನು 25 ಕಿಲೋ ಆದರೆ 20. ನೀನು ಹಾಕಬೇಕೆಂದಿರುವ ಆಪ್‌ಆಂಪಿನ ಸ್ವಂತ ನಾಯ್ಸ್ ಇದರ ಕಾಲು ಭಾಗವೂ ಇಲ್ಲ. ಫೀಡ್‌ಬ್ಯಾಕಿನಲ್ಲಿ 100 ಕಿಲೋ ಇಟ್ಟಿದ್ದೀಯಲ್ಲ, ಅದಕ್ಕೂ ಇದೇ ಮಾತು. ಅಲ್ಲಿ 1 ಕಿಲೋ ಮತ್ತು 2.2 ಕಿಲೋ ಹಾಕು, ಹೆಚ್ಚಳ ಮೂರು ಪಟ್ಟಿಗೆ ಬರುತ್ತದೆ, ನಾಯ್ಸೂ ಇಳಿಯುತ್ತದೆ. ಇದಕ್ಕೆ ಒಂದು ಪೈಸೆ ಹೆಚ್ಚು ಖರ್ಚಿಲ್ಲ.

ಈಗ ಆಪ್‌ಆಂಪಿನ ವಿಷಯ. ನಿನ್ನ ಪಟ್ಟಿಯ ಅರ್ಧ ಹಣ ಅಲ್ಲಿಗೇ ಹೋಗಿದೆ. ಎನ್‌ಇ5532 ಎನ್ನುವ ಚಿಪ್ ಸಿಗ್ನೆಟಿಕ್ಸ್ ಕಂಪನಿಯಿಂದ 1970ರ ದಶಕದ ಕೊನೆಗೆ ಬಂತು. ಸ್ಟುಡಿಯೋಗಳ ಮಿಕ್ಸಿಂಗ್ ಮೇಜುಗಳಲ್ಲಿ ರಾಶಿ ರಾಶಿ ಕೂತಿತು. ನಾವು ಕೇಳಿ ಬೆಳೆದ ಎಷ್ಟೋ ಹಾಡುಗಳು ಅದರ ಮೂಲಕ ಹಾದು ಬಂದಿವೆ. ಡಗ್ಲಸ್ ಸೆಲ್ಫ್ ಅಂತ ಇಂಗ್ಲೆಂಡಿನ ಎಂಜಿನಿಯರ್ ಒಬ್ಬರು ಸಣ್ಣ ಸಿಗ್ನಲ್ಲುಗಳ ಆಡಿಯೋ ಡಿಸೈನ್ ಬಗ್ಗೆ ದಪ್ಪ ಪುಸ್ತಕವನ್ನೇ ಬರೆದಿದ್ದಾರೆ. ಇದೇ 5532 ಇಟ್ಟುಕೊಂಡು ಎಷ್ಟು ದೂರ ಹೋಗಬಹುದು ಅಂತ ಅಳೆದು ತೋರಿಸಿದವರು ಅವರು. ಆ ಪುಸ್ತಕ ಓದು. ಲೈನ್ ಹಂತಕ್ಕೆ 5532 ಸಾಕು, ಪ್ರತಿ ರೂಟ್ ಹರ್ಟ್ಸ್‌ಗೆ 5 ನ್ಯಾನೋವೋಲ್ಟ್.

ನಿನ್ನ ಪಟ್ಟಿಯಲ್ಲಿರುವ ದುಬಾರಿ ಎಲ್‌ಎಂ4562 ಅದಕ್ಕಿಂತ ಕಡಿಮೆ, 2.7 ನ್ಯಾನೋವೋಲ್ಟ್. ಹಾಗಾದರೆ ಫೋನೋ ಹಂತಕ್ಕೆ ಅದೇ ಮೇಲಲ್ಲವೇ ಅಂದೆಯಲ್ಲ, ಅಲ್ಲ. ಕಾರ್ಟ್ರಿಜ್ ಅಂದರೆ ಒಂದು ಸುರುಳಿ, ಅರ್ಧ ಹೆನ್ರಿಯಷ್ಟು ಇಂಡಕ್ಟನ್ಸ್ ಇರುವ ಸುರುಳಿ. 10 ಕಿಲೋಹರ್ಟ್ಸ್‌ನಲ್ಲಿ ಅದರ ತಡೆ 31 ಕಿಲೋ ಓಮ್ ದಾಟುತ್ತದೆ. ಅಂಥ ಮೂಲಕ್ಕೆ ಚಿಪ್ಪಿನ ವೋಲ್ಟೇಜ್ ನಾಯ್ಸಿಗಿಂತ ಕರೆಂಟ್ ನಾಯ್ಸ್ ಮುಖ್ಯ. ಅದು 5532ರಲ್ಲಿ 0.7 ಪಿಕೋಆಂಪ್, 4562ರಲ್ಲಿ 1.6. ಹೆಚ್ಚು ದುಡ್ಡು ಕೊಟ್ಟು ಹೆಚ್ಚು ಸುಯ್ ಎನ್ನುವ ಸದ್ದು ಕೊಂಡ ಹಾಗಾಗುತ್ತದೆ. ಡೇಟಾಶೀಟಿನ ಮೊದಲ ಪುಟದ ದೊಡ್ಡಕ್ಷರ ಬಿಟ್ಟು ಒಳಗಿನ ಕೋಷ್ಟಕ ನೋಡುವ ಅಭ್ಯಾಸ ಮಾಡಿಕೋ.

5532ಗೆ ಒಂದು ಗುಣವಿದೆ, ಅದು ನೇರವಾಗಿ ನಿನ್ನ ಬೋರ್ಡಿನ ಜಾಗ ಕೇಳುತ್ತದೆ. ಅದರ ಇನ್‌ಪುಟ್ ಕಾಲುಗಳಲ್ಲಿ ಸುಮಾರು 200 ನ್ಯಾನೋಆಂಪ್ ಡಿ.ಸಿ. ಹರಿಯುತ್ತದೆ. ಇದು ಪಾಟಿನ ನಡುಕಾಲಿನ ಮೂಲಕ ಹರಿದರೆ ಗುಂಡಿ ತಿರುಗಿಸಿದಾಗಲೆಲ್ಲ ಕರಕರ ಎನ್ನುತ್ತದೆ. ಪಾಟ್ ಹಳೆಯದಾಯಿತು ಅಂತ ಜನ ಅದನ್ನು ಬದಲಿಸುತ್ತಾರೆ, ಹೊಸದೂ ಕರಕರ ಎನ್ನುತ್ತದೆ. ಪಾಟಿಗೂ ಚಿಪ್ಪಿಗೂ ನಡುವೆ ಒಂದು ಕಂಡೆನ್ಸರ್ ಹಾಕಿ, ಚಿಪ್ಪಿನ ಕಾಲಿನಿಂದ ಗ್ರೌಂಡಿಗೆ 47 ಕಿಲೋ ಹಾಕು. ಕಂಡೆನ್ಸರ್ 2.2 ಮೈಕ್ರೋಫ್ಯಾರಡ್ ಆದರೆ 1.5 ಹರ್ಟ್ಸ್‌ವರೆಗೂ ಇಳಿಯುತ್ತದೆ. ಇಷ್ಟು ಮೈಕ್ರೋಫ್ಯಾರಡಿನ ಫಿಲ್ಮ್ ಕಂಡೆನ್ಸರಿನಲ್ಲಿ 5 ಮಿ.ಮೀ. ಕಾಲಿನದೂ ಉಂಟು, 15 ಮಿ.ಮೀ. ಕಾಲಿನದೂ ಉಂಟು. ನಿನ್ನ ನಕ್ಷೆಯಲ್ಲಿ ಅದಕ್ಕೆ ಬಿಟ್ಟಿರುವ ಜಾಗ ಒಂದು ಸೆರಾಮಿಕ್ ಬಿಲ್ಲೆಗೆ ಸಾಕಾಗುವಷ್ಟು. ಸೆರಾಮಿಕ್‌ನಲ್ಲಿ ಇಷ್ಟು ದೊಡ್ಡ ಬೆಲೆ ಸಿಗುವುದು ಎಕ್ಸ್7ಆರ್ ಥರದ್ದರಲ್ಲಿ. ಅದರ ಮೇಲೆ ವೋಲ್ಟೇಜ್ ಬದಲಾದಂತೆ ಬೆಲೆಯೂ ಬದಲಾಗುತ್ತದೆ. ಸಂಗೀತ ಹಾದುಹೋಗುವ ದಾರಿಯಲ್ಲಿ ಅದನ್ನು ಇಡಬೇಡ. ಚಿಪ್ಪಿನ 8 ಮತ್ತು 4ನೇ ಕಾಲುಗಳ ನಡುವೆ, ಎಷ್ಟು ಹತ್ತಿರ ಆಗುತ್ತೋ ಅಷ್ಟು ಹತ್ತಿರ, 100 ನ್ಯಾನೋಫ್ಯಾರಡ್ ಹಾಕುವುದಕ್ಕೆ ಅದೇ ಎಕ್ಸ್7ಆರ್ ಚೆನ್ನಾಗಿ ಒದಗುತ್ತದೆ.

ಫೋನೋ ಬೋರ್ಡಿನ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ನನಗೆ ಅದರ ಮೇಲೆ ಅಕ್ಕರೆ. ತಾತನ ಮಲ್ಲಿಕಾರ್ಜುನ ಮನ್ಸೂರರ ಎಲ್‌ಪಿ ನಿನ್ನ ಡಬ್ಬಿಯಲ್ಲಿ ಹಾಡಬೇಕು. ರೆಕಾರ್ಡ್ ಕೊರೆಯುವಾಗ ಮಂದ್ರವನ್ನು ತಗ್ಗಿಸಿ ತಾರವನ್ನು ಹೆಚ್ಚಿಸಿರುತ್ತಾರೆ. ನುಡಿಸುವಾಗ ನಾವು ಅದನ್ನು ತಿರುಗಿಸಿ ಸಮ ಮಾಡಬೇಕು. 1954ರಿಂದ ಈಚೆಗೆ ನೆಲೆಯೂರಿದ ಆರ್‌ಐಎಎ ಕ್ರಮಕ್ಕೆ ಮೂರು ಕಾಲಮಾನಗಳಿವೆ: 3180, 318, 75 ಮೈಕ್ರೋಸೆಕೆಂಡ್. ಅಂದರೆ 50 ಹರ್ಟ್ಸ್, 500 ಹರ್ಟ್ಸ್, 2122 ಹರ್ಟ್ಸ್‌ಗಳಲ್ಲಿ ತಿರುವು. (ತಾತನ ಪೆಟ್ಟಿಗೆಯ 78 ಸುತ್ತಿನ ಹಳೆ ತಟ್ಟೆಗಳಿಗೆ ಈ ಲೆಕ್ಕ ಹೊಂದುವುದಿಲ್ಲ. ಅವುಗಳ ಸೂಜಿಯೇ ಬೇರೆ, ತಿರುವುಗಳೂ ಬೇರೆ. ಸದ್ಯಕ್ಕೆ ಅವನ್ನು ಮುಟ್ಟಬೇಡ.)

ಈ ಮೂರು ಕಾಲಮಾನ ಹುಟ್ಟುವುದು ಬರೀ ರೆಸಿಸ್ಟರ್, ಕಂಡೆನ್ಸರುಗಳಿಂದ. ರೆಸಿಸ್ಟರ್ ಶೇಕಡಾ 1ರದ್ದು ಎಲ್ಲ ಕಡೆ ಸಿಗುತ್ತದೆ, ಚಿಂತೆಯಿಲ್ಲ. ಕಂಡೆನ್ಸರ್ ಶೇಕಡಾ 5 ಅಥವಾ 10ರದ್ದು. 75 ಮೈಕ್ರೋಸೆಕೆಂಡಿನ ಕಂಡೆನ್ಸರ್ ಶೇಕಡಾ 5 ಹೆಚ್ಚಾದರೆ ಮೇಲಿನ ಸ್ವರಗಳು ಸುಮಾರು 0.4 ಡಿಬಿ ತಗ್ಗುತ್ತವೆ. ಎರಡೂ ಚಾನಲ್ ಒಟ್ಟಿಗೆ ತಗ್ಗಿದರೆ ಅದನ್ನು ಗುರುತಿಸುವುದು ಕಷ್ಟ. ಎಡದ್ದು ತಗ್ಗಿ ಬಲದ್ದು ಏರಿದರೆ ಮಾತ್ರ ತಾನದ ಮಧ್ಯೆ ದನಿ ಅಲುಗಾಡುತ್ತದೆ. ಅದಕ್ಕೇ ಈ ಕಂಡೆನ್ಸರುಗಳನ್ನು ಬೇಕಾದ್ದಕ್ಕಿಂತ ಮೂರು ನಾಲ್ಕು ಪಟ್ಟು ಹೆಚ್ಚು ಕೊಂಡು ತಾ. ಪಾಲಿಪ್ರೊಪಿಲಿನ್ ಸಿಕ್ಕರೆ ಒಳ್ಳೆಯದು, ಇಲ್ಲವಾದರೆ ಪಾಲಿಯೆಸ್ಟರ್. ಎಲ್‌ಸಿಆರ್ ಮೀಟರಿನಲ್ಲಿ ಒಂದೊಂದನ್ನೇ ಅಳೆದು, ಅಳತೆಯನ್ನು ಮೈಮೇಲೆ ಬರೆದು, ಜೋಡಿ ಮಾಡು. ಮೀಟರ್ ನನ್ನ ಹತ್ತಿರ ಇದೆ.

ಬೋರ್ಡಿನಲ್ಲಿ ಪ್ರತಿಯೊಂದು ಆರ್‌ಐಎಎ ಕಂಡೆನ್ಸರಿಗೂ ಪಕ್ಕಪಕ್ಕದಲ್ಲಿ ಎರಡು ಜಾಗ ಬಿಡು. ದೊಡ್ಡದು ಒಂದರಲ್ಲಿ, ಕೊರತೆ ತುಂಬುವ ಚಿಕ್ಕದು ಇನ್ನೊಂದರಲ್ಲಿ ಕೂರುತ್ತದೆ. ಒಂದೇ ಗೆರೆಯ ಮೇಲೆ 5, 7.5, 10 ಮಿ.ಮೀ.ಗೆ ತೂತು ಕೊಡು. ತಾಮ್ರದಲ್ಲಿ ಇದಕ್ಕೆ ಖರ್ಚಿಲ್ಲ, ಅಂಗಡಿಯಲ್ಲಿ ಯಾವ ಅಳತೆಯದು ಸಿಕ್ಕರೂ ತರಬಹುದು. ಕಾರ್ಟ್ರಿಜ್ ಕಡೆಯ 47 ಕಿಲೋ ಓಮ್ ಸರಿಯಾಗಿಯೇ ಇದೆ. ಅದರ ಪಕ್ಕದ ಸಣ್ಣ ಕಂಡೆನ್ಸರನ್ನು ಮಾತ್ರ ಕೊನೆಗೆ ಬೆಸೆ. ತಂತಿಯ ಕೆಪಾಸಿಟನ್ಸೂ ಅದಕ್ಕೆ ಸೇರುತ್ತದೆ, ರೆಕಾರ್ಡ್ ಪ್ಲೇಯರಿನ ತಂತಿ ಅಳೆಯದೆ ಬೆಲೆ ಗೊತ್ತಾಗುವುದಿಲ್ಲ.

ಪವರ್ ಸಪ್ಲೈಗೆ ಬರೋಣ. ನೀನು 15-0-15 ಟ್ರಾನ್ಸ್‌ಫಾರ್ಮರ್ ಬರೆದಿದ್ದೀಯ. ಬೆಂಗಳೂರಿನಲ್ಲಿ ಕೂತು ಲೆಕ್ಕ ಹಾಕಿದರೆ ಸರಿ. 15ನ್ನು 1.414ರಿಂದ ಗುಣಿಸಿ, ಡಯೋಡಿನದ್ದು ಕಳೆದರೆ ಸುಮಾರು 20 ವೋಲ್ಟ್ ಉಳಿಯುತ್ತದೆ. 7815 ರೆಗ್ಯುಲೇಟರಿಗೆ 15ರ ಮೇಲೆ 2 ವೋಲ್ಟ್ ಆದರೂ ಬೇಕು. ಆದರೆ ಈ ಡಬ್ಬಿ ಕೊನೆಗೆ ಹೋಗುವುದು ಊರಿಗೆ, ತಾತನ ಮನೆಗೆ. ಅಲ್ಲಿ ಪಂಪ್‌ಸೆಟ್ಟುಗಳೆಲ್ಲ ಓಡುವ ಹೊತ್ತಿಗೆ 230 ವೋಲ್ಟ್ ಅನ್ನುವುದು 180ಕ್ಕೆ ಇಳಿದಿರುತ್ತದೆ. ಆಗ ನಿನ್ನ 20 ವೋಲ್ಟ್ 16ರ ಒಳಗೆ ಬಂದು, ರೆಗ್ಯುಲೇಟರ್ ಕೈಬಿಟ್ಟು, ಸಂಗೀತದ ಜೊತೆ ಗುಂಯ್ ಸದ್ದೂ ಬರುತ್ತದೆ. 18-0-18 ತಗೋ. 180ರಲ್ಲೂ ಅದು 19 ವೋಲ್ಟ್ ಕೊಡುತ್ತದೆ. ಹಾಗೆಯೇ ರಾತ್ರಿ ಲೋಡ್ ಇಳಿದು 250ಕ್ಕೆ ಏರಿದಾಗ ಅದು 30ರ ಆಸುಪಾಸಿಗೆ ಹೋಗಬಹುದು. ರೆಗ್ಯುಲೇಟರ್ 35ರವರೆಗೆ ತಡೆಯುತ್ತದೆ, ಕಂಡೆನ್ಸರ್ ಮಾತ್ರ 35 ವೋಲ್ಟಿನದು ಬೇಡ, 50 ವೋಲ್ಟಿನದು ಬೇಕು. 50 ವೋಲ್ಟಿನದು ದಪ್ಪ, ಎತ್ತರ. ಮತ್ತೆ ಬೋರ್ಡಿನ ಜಾಗ ಬದಲಾಯಿತು, ನೋಡಿದೆಯಾ? ಊರಿನ ಕರೆಂಟು ನಿನ್ನ ಬೋರ್ಡಿನ ತೂತು ಎಲ್ಲಿರಬೇಕು ಅಂತ ತೀರ್ಮಾನಿಸುತ್ತಿದೆ.

2200 ಮೈಕ್ರೋಫ್ಯಾರಡ್ ಸಾಕು. 100 ಮಿಲಿಆಂಪ್ ಎಳೆದರೂ ಏರಿಳಿತ ಅರ್ಧ ವೋಲ್ಟ್ ಮೀರುವುದಿಲ್ಲ, ರೆಗ್ಯುಲೇಟರ್ ಅದನ್ನು ನುಂಗುತ್ತದೆ. ಒಂದೊಂದು 5532 ಸುಮಾರು 8 ಮಿಲಿಆಂಪ್ ತಿನ್ನುತ್ತದೆ. ಆರು ಚಿಪ್ ಹಾಕಿದರೂ 50 ದಾಟದು. 10,000 ಮೈಕ್ರೋಫ್ಯಾರಡ್ ಹಾಕಿದರೆ ಇನ್ನೂ ಚೆನ್ನ ಅನ್ನುವ ಆಸೆ ಬಿಡು. ಅದನ್ನು ತುಂಬಲು ಡಯೋಡುಗಳಲ್ಲಿ ಹರಿಯುವ ಕರೆಂಟಿನ ಏಟು ಜೋರಾಗುತ್ತದೆ, ಸದ್ದು ಹೆಚ್ಚಲು ಅದೂ ಒಂದು ಕಾರಣ.

7815 ಮತ್ತು 7915 ಅವಳಿಗಳಲ್ಲ. 7815ರ ಕಾಲುಗಳು ಇನ್‌ಪುಟ್, ಗ್ರೌಂಡ್, ಔಟ್‌ಪುಟ್. 7915ರದ್ದು ಗ್ರೌಂಡ್, ಇನ್‌ಪುಟ್, ಔಟ್‌ಪುಟ್. ಬೆನ್ನಿನ ಲೋಹದ ತಗಡು ಒಂದರಲ್ಲಿ ಗ್ರೌಂಡಿಗೆ ಸೇರಿದೆ, ಇನ್ನೊಂದರಲ್ಲಿ ಇನ್‌ಪುಟ್ಟಿಗೆ. ನಿನ್ನ ನಕ್ಷೆಯಲ್ಲಿ ಎರಡಕ್ಕೂ ಒಂದೇ ಹೀಟ್‌ಸಿಂಕ್ ಕಾಣುತ್ತಿದೆ. ಮೈಕಾ ಹಾಳೆ, ಪ್ಲಾಸ್ಟಿಕ್ ಬುಶ್ ಇಲ್ಲದೆ ಹಾಗೆ ಬಿಗಿದರೆ ಮೊದಲ ಸಲ ಸ್ವಿಚ್ ಹಾಕಿದಾಗಲೇ ಶಾರ್ಟ್ ಆಗುತ್ತದೆ. ಬೇರೆ ಬೇರೆ ಚಿಕ್ಕ ಹೀಟ್‌ಸಿಂಕ್ ಹಾಕು, ಒಂದಕ್ಕೊಂದು ತಾಗದಷ್ಟು ದೂರ.

ಗ್ರೌಂಡಿನ ವಿಷಯದಲ್ಲಿ ನಾನು ಸ್ವಲ್ಪ ಹಟ ಮಾಡುತ್ತೇನೆ. ಮನ್ಸೂರರ ಆಲಾಪದ ಹಿಂದೆ ತಂಬೂರಿ ಬಿಟ್ಟು ಬೇರೇನೂ ಇಲ್ಲದ ಹೊತ್ತಿನಲ್ಲಿ 100 ಹರ್ಟ್ಸ್ ಗುಂಯ್‌ಗುಟ್ಟಿದರೆ, ಶ್ರುತಿಗೆ ಸೇರದ ಇನ್ನೊಂದು ಸ್ವರ ಜೊತೆಗೆ ಹಾಡಿದ ಹಾಗೆಯೇ. 50 ಹರ್ಟ್ಸ್ ಕೇಳಿದರೆ ಟ್ರಾನ್ಸ್‌ಫಾರ್ಮರಿನ ಅಯಸ್ಕಾಂತ ಕ್ಷೇತ್ರ ಅಥವಾ ಎರಡು ದಾರಿ ಹಿಡಿದ ಗ್ರೌಂಡ್ ಅಂತ ಹುಡುಕು. 100 ಹರ್ಟ್ಸ್‌ನ ಒರಟು ಸದ್ದಾದರೆ ಕಂಡೆನ್ಸರ್ ತುಂಬುವ ಕರೆಂಟು ಸಿಗ್ನಲ್ಲಿನ ಗ್ರೌಂಡಿನಲ್ಲಿ ಓಡುತ್ತಿದೆ. ಎರಡನೆಯದನ್ನು ಬೋರ್ಡಿನಲ್ಲೇ ತಡೆಯಬಹುದು. ಟ್ರಾನ್ಸ್‌ಫಾರ್ಮರಿನ ನಡುತಂತಿ ಎರಡು ದೊಡ್ಡ ಕಂಡೆನ್ಸರುಗಳು ಸೇರುವ ಬಿಂದುವಿಗೇ ಬರಲಿ. ಉಳಿದ ಬೋರ್ಡುಗಳಿಗೆ ಹೋಗುವ ಗ್ರೌಂಡನ್ನು ಅದರ ಆಚೆ, ರೆಗ್ಯುಲೇಟರುಗಳ ಹತ್ತಿರದಿಂದ ತೆಗೆ. ನಿನ್ನ ನಕ್ಷೆಯಲ್ಲಿ ಗ್ರೌಂಡ್ ತಾಮ್ರವನ್ನು ಬೋರ್ಡ್ ತುಂಬ ಹರಡಿ, ಆ ತಂತಿಯನ್ನು ಮೂಲೆಯಲ್ಲಿ ಎಲ್ಲೋ ಸೇರಿಸಿದ್ದೀಯ. ತಾಮ್ರ ಎಷ್ಟು ಅಗಲ ಅನ್ನುವುದಕ್ಕಿಂತ ಕರೆಂಟು ಯಾವ ದಾರಿಯಲ್ಲಿ ಹೋಗಿ ಯಾವ ದಾರಿಯಲ್ಲಿ ವಾಪಸ್ಸು ಬರುತ್ತದೆ ಅಂತ ಬೆರಳಿಟ್ಟು ನೋಡು.

ಡಬ್ಬಿಯ ಲೋಹ ಮೂರು ಪಿನ್ನಿನ ಪ್ಲಗ್ಗಿನ ಅರ್ತ್‌ಗೆ ಸ್ಕ್ರೂ ಹಾಕಿ ಬಿಗಿದಿರಬೇಕು. ಹಮ್ ಬಂತು ಅಂತ ಅರ್ತ್ ಪಿನ್ ಕಿತ್ತುಹಾಕುವವರಿದ್ದಾರೆ. ನೀನು ಅದನ್ನು ಯಾವತ್ತೂ ಮಾಡಬೇಡ, ಜೀವಕ್ಕೆ ಬರುವ ವಿಷಯ ಅದು. ಸಿಗ್ನಲ್ ಗ್ರೌಂಡನ್ನು ಡಬ್ಬಿಗೆ ಒಂದೇ ಕಡೆ, 10 ಓಮ್ ರೆಸಿಸ್ಟರ್ ಮತ್ತು ಎದುರುಬದುರು ಹಾಕಿದ ಎರಡು ಡಯೋಡುಗಳ ಮೂಲಕ ಸೇರಿಸು. ಅದಕ್ಕೆ ಸಪ್ಲೈ ಬೋರ್ಡಿನಲ್ಲೇ ಜಾಗ ಮಾಡು. ಆರ್‌ಸಿಎ ಸಾಕೆಟ್ಟುಗಳು ಪ್ಲಾಸ್ಟಿಕ್ ವಾಷರ್ ಇರುವಂಥವೇ ಬೇಕು. ಬೋರ್ಡಿನ ಸ್ಕ್ರೂ ತೂತುಗಳ ಸುತ್ತ ತಾಮ್ರ ಬೇಡ. ರೆಕಾರ್ಡ್ ಪ್ಲೇಯರಿನ ಗ್ರೌಂಡ್ ತಂತಿ ಕಟ್ಟಲು ಹಿಂಬದಿಯಲ್ಲಿ ಒಂದು ತಿರುಪು ಬೇಕು, ನಿನ್ನ ಹಿಂಬದಿಯ ಚಿತ್ರದಲ್ಲಿ ಅದು ಇಲ್ಲ.

ಇಷ್ಟೆಲ್ಲ ಒಂದೇ ದೊಡ್ಡ ಬೋರ್ಡಿನಲ್ಲಿ ತುಂಬಿದ್ದೀಯಲ್ಲ, ಅದನ್ನು ಒಡೆ. ಸಪ್ಲೈ ಒಂದು, ಫೋನೋ ಒಂದು, ಲೈನ್ ಒಂದು, ರಿಲೇ ಇರುವ ಇನ್‌ಪುಟ್ ಆಯ್ಕೆಯದು ಒಂದು. ಫೋನೋ, ಲೈನ್ ಎರಡನ್ನೂ ಒಂದು ಚಾನಲ್ಲಿಗೆ ಮಾತ್ರ ಬರೆದು, ಅದೇ ಬೋರ್ಡನ್ನು ಎರಡು ಸಲ ತುಂಬು. ತಯಾರಕರು ಸಾಮಾನ್ಯವಾಗಿ ಐದಕ್ಕಿಂತ ಕಡಿಮೆ ಮಾಡಿಕೊಡುವುದಿಲ್ಲ. 100ಕ್ಕೆ 100 ಮಿ.ಮೀ. ಒಳಗಿದ್ದರೆ ಅನೇಕರಲ್ಲಿ ದರವೂ ಇಳಿಯುತ್ತದೆ. ಐದರಲ್ಲಿ ಎರಡು ಹಾಕಿದೆ, ಮೂರು ಕೈಯಲ್ಲಿ ಉಳಿಯಿತು. ಲೈನ್ ಹಂತದಲ್ಲಿ ಏನಾದರೂ ತಪ್ಪಿದ್ದರೆ ಅದೊಂದು ಚಿಕ್ಕ ಬೋರ್ಡ್ ಮತ್ತೆ ಬರೆದರಾಯಿತು. ವಾಲ್ಯೂಮ್ ಪಾಟನ್ನು ಬೋರ್ಡಿಗೆ ಬೆಸೆಯಲೇಬೇಡ. ಮುಂಬದಿಯ ತೂತು ಎಲ್ಲಿದೆಯೋ ಪಾಟ್ ಅಲ್ಲಿರಲಿ, ಬೋರ್ಡಿಗೆ ಗಿಡ್ಡ ಶೀಲ್ಡ್ ತಂತಿ ಎಳೆ. ಒಂದು ಕಂಪನಿಯ ಪಾಟಿನ ಕಾಲು ಇನ್ನೊಂದರ ತೂತಿಗೆ ಇಳಿಯದು. ಐದು ವರ್ಷ ಬಿಟ್ಟು ಬದಲಿಸಬೇಕಾದಾಗ ಅದೇ ಮಾದರಿ ಸಿಗುತ್ತದೆ ಅನ್ನುವ ಭರವಸೆಯೂ ಇಲ್ಲ.

ಪಟ್ಟಿಯನ್ನು ಹೊಸದಾಗಿ ಬರಿ. ಈಗ ಅದರಲ್ಲಿ ಬೆಲೆ, ಸಂಖ್ಯೆ ಎರಡೇ ಇವೆ. ವೋಲ್ಟೇಜ್, ಕಾಲುಗಳ ಅಂತರ, ವ್ಯಾಸ, ಎತ್ತರ, ಕಾಲಿನ ದಪ್ಪ, ಅದು ಸಿಗದಿದ್ದರೆ ಬದಲಿ ಯಾವುದು, ಇವೆಲ್ಲಕ್ಕೂ ಒಂದೊಂದು ಕಲಂ ಮಾಡು. ಎತ್ತರದ ಕಲಂ ಯಾಕೆ ಅಂದರೆ ಡಬ್ಬಿಗೆ ಮುಚ್ಚಳವಿದೆ. ರೆಸಿಸ್ಟರುಗಳಲ್ಲಿ ಬೇರೆ ಬೇರೆ ಓಮ್ ಅಳತೆಗಳನ್ನು ಕಡಿಮೆ ಮಾಡು. ನಿನ್ನ ಪಟ್ಟಿಯಲ್ಲಿ 4.7 ಕಿಲೋ, 5.1 ಕಿಲೋ, 5.6 ಕಿಲೋ ಮೂರೂ ಇವೆ. ಆರ್‌ಐಎಎ ಬಿಟ್ಟರೆ ಉಳಿದ ಕಡೆ ಒಂದೇ ಸಾಕು. 10 ಕಿಲೋ ಎರಡನ್ನು ಪಕ್ಕಪಕ್ಕ ಹಾಕಿದರೂ 5 ಕಿಲೋ ಆಗುತ್ತದೆ. ಮೆಟಲ್ ಫಿಲ್ಮ್ ರೆಸಿಸ್ಟರುಗಳನ್ನು ನೂರರ ಲೆಕ್ಕದಲ್ಲಿ ತಂದಿಟ್ಟುಕೋ, ಮುಂದಿನ ಕೆಲಸಕ್ಕೂ ಆಯಿತು.

ಎಲ್ಲಿ ಏನು ಕೊಳ್ಳಬೇಕು ಅನ್ನುವುದಕ್ಕೆ ನನ್ನ ಕ್ರಮ ಹೀಗಿದೆ. ಚಿಪ್ಪು, ಎಲೆಕ್ಟ್ರೋಲಿಟಿಕ್ ಕಂಡೆನ್ಸರ್, ಒಳ್ಳೆಯ ಪಾಟ್, ಈ ಮೂರನ್ನೂ ಕಂಪನಿಗಳ ಅಧಿಕೃತ ವಿತರಕರಿಂದ ಬಿಲ್ ಸಮೇತ ತರಿಸು. ಹಳೆ ಚಿಪ್ಪಿನ ಮೇಲಿನ ಅಕ್ಷರ ಉಜ್ಜಿ ಹೊಸ ಹೆಸರು ಅಚ್ಚು ಹಾಕುವ ವ್ಯಾಪಾರ ಲೋಕದಲ್ಲೆಲ್ಲ ಇದೆ, ಕಣ್ಣಿಗೆ ಗೊತ್ತಾಗುವುದಿಲ್ಲ. ಎಲೆಕ್ಟ್ರೋಲಿಟಿಕ್ ವರ್ಷಗಟ್ಟಲೆ ಮೂಲೆಯಲ್ಲಿ ಕೂತರೆ ಲೀಕೇಜ್ ಹೆಚ್ಚಾಗಿರುತ್ತದೆ. ಟ್ರಾನ್ಸ್‌ಫಾರ್ಮರ್, ಡಬ್ಬಿ, ಹೀಟ್‌ಸಿಂಕ್, ಗುಂಡಿ, ಸಾಕೆಟ್, ಶೀಲ್ಡ್ ತಂತಿ, ಸ್ಪೇಸರ್, ತಿರುಪು, ಇವಕ್ಕೆ ಬೆಂಗಳೂರಿನ ಎಸ್.ಪಿ. ರೋಡಿಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಅಲ್ಲಿ ಕೈಯಲ್ಲಿ ಹಿಡಿದು, ತೂಕ ನೋಡಿ, ತಿರುಗಿಸಿ ನೋಡಿ ಕೊಳ್ಳಬಹುದು. ಸರ್ಕ್ಯೂಟ್ ಕಾಗದ ಹಿಡಿದು ಬಂದ ಹುಡುಗ ಹುಡುಗಿಯರನ್ನು ಕಂಡರೆ ಅಲ್ಲಿನ ಹಳೆಯ ಅಂಗಡಿಯವರು ಕೂರಿಸಿಕೊಂಡು ಮಾತಾಡಿಸುತ್ತಾರೆ, ನೀನು ಕೇಳಲು ಗೊತ್ತಿರದ ಪಾರ್ಟನ್ನೂ ಒಳಗಿನಿಂದ ತೆಗೆದು ತೋರಿಸುತ್ತಾರೆ. ಪಾಟನ್ನು ಎಲ್ಲಿಂದಲೇ ತಂದರೂ ಮಲ್ಟಿಮೀಟರ್ ಹಿಡಿ. ಕಾಲು ಭಾಗ ತಿರುಗಿಸಿ, ಎರಡೂ ಗ್ಯಾಂಗಿನಲ್ಲಿ ನಡುಕಾಲಿನಿಂದ ಗ್ರೌಂಡ್ ಕಾಲಿಗೆ ಎಷ್ಟು ಅಂತ ಅಳೆದು, ಅದರ ಒಟ್ಟು ರೆಸಿಸ್ಟೆನ್ಸಿನಿಂದ ಭಾಗಿಸು. ಎರಡರ ನಡುವೆ ಶೇಕಡಾ 10ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಇನ್ನೊಂದನ್ನು ನೋಡು.

ಪಾರ್ಟುಗಳು ಮನೆಗೆ ಬಂದ ಮೇಲೆ, ನಕ್ಷೆ ಬರೆಯುವ ಸಾಫ್ಟ್‌ವೇರ್ ಕೀಕ್ಯಾಡ್‌ನಲ್ಲಿ ಬೋರ್ಡನ್ನು ತಿದ್ದು. ಅದರ ಲೈಬ್ರರಿಯಲ್ಲಿರುವ ಆಕಾರವನ್ನು ಹಾಗೇ ನಂಬಬೇಡ, ಕ್ಯಾಲಿಪರ್ ಹಿಡಿದು ಅಳೆ. ರೆಸಿಸ್ಟರಿನ ಕಾಲಿಗೆ 0.8ರಿಂದ 1 ಮಿ.ಮೀ. ತೂತು ಸಾಕು. ರೆಗ್ಯುಲೇಟರಿಗೆ, ಸ್ಕ್ರೂ ಟರ್ಮಿನಲ್ಲಿಗೆ 1.2 ಆದರೂ ಬೇಕು. +15, -15, ಗ್ರೌಂಡ್, ಔಟ್‌ಪುಟ್ ನಾಲ್ಕಕ್ಕೂ ಮೀಟರಿನ ಕ್ಲಿಪ್ ಕಚ್ಚಿಸುವಂಥ ಟೆಸ್ಟ್ ಪಾಯಿಂಟ್ ಇಡು. ಔಟ್‌ಪುಟ್ಟಿನಲ್ಲಿ 47ರಿಂದ 100 ಓಮಿನ ಒಂದು ರೆಸಿಸ್ಟರ್ ಮರೆತಿದ್ದೀಯ. ಅದಿಲ್ಲದೆ ಉದ್ದ ತಂತಿ ಹಾಕಿದರೆ ಚಿಪ್ ಅದುರಲು ಶುರುಮಾಡಬಹುದು. ಆಮೇಲೆ ನಕ್ಷೆಯನ್ನು ಒಂದಕ್ಕೊಂದು ಅಳತೆಯಲ್ಲಿ ಕಾಗದದ ಮೇಲೆ ಪ್ರಿಂಟ್ ತೆಗೆ. ಪ್ರಿಂಟರ್ ಸದ್ದಿಲ್ಲದೆ ಶೇಕಡಾ 97ಕ್ಕೆ ಇಳಿಸಿಬಿಡುತ್ತದೆ, 100 ಮಿ.ಮೀ.ನ ಗೆರೆಯೊಂದನ್ನು ಎಳೆದು ಸ್ಕೇಲಿನಿಂದ ನೋಡು. ಆ ಕಾಗದವನ್ನು ಥರ್ಮಾಕೋಲಿಗೆ ಅಂಟಿಸಿ ಪ್ರತಿಯೊಂದು ಪಾರ್ಟನ್ನೂ ಅದರ ಜಾಗದಲ್ಲಿ ಚುಚ್ಚು. ಕಂಡೆನ್ಸರ್ ಹೀಟ್‌ಸಿಂಕಿಗೆ ಒರಗುತ್ತದೋ, ಸ್ಕ್ರೂಡ್ರೈವರ್ ಟರ್ಮಿನಲ್ಲಿನ ತಲೆಗೆ ನೇರ ಇಳಿಯುತ್ತದೋ, ರೆಗ್ಯುಲೇಟರಿನ ಬೆನ್ನು ಸರಿಯಾದ ಕಡೆಗೆ ತಿರುಗಿದೆಯೋ ಎಲ್ಲ ಅಲ್ಲೇ ಕಾಣುತ್ತದೆ. ಹಾಗೇ ಎತ್ತಿ ಡಬ್ಬಿಯೊಳಗೆ ಇಟ್ಟು ನೋಡು. ಟ್ರಾನ್ಸ್‌ಫಾರ್ಮರ್ ಒಂದು ತುದಿಗೆ, ಫೋನೋ ಬೋರ್ಡ್ ಇನ್ನೊಂದು ತುದಿಗೆ ಹೋಗಬೇಕು. ಅಷ್ಟು ಉದ್ದ ಇಲ್ಲದಿದ್ದರೆ ಸಪ್ಲೈಯನ್ನೇ ಬೇರೆ ಪುಟ್ಟ ಡಬ್ಬಿಗೆ ಹಾಕಿ ತಂತಿ ಎಳೆಯುವುದು ಒಳ್ಳೆಯದು.

ಬೋರ್ಡ್ ಬಂದ ದಿನ ಎಲ್ಲವನ್ನೂ ಬೆಸೆದು ಸ್ವಿಚ್ ಒತ್ತುವ ಆತುರ ಬೇಡ. ಮೊದಲು ಸಪ್ಲೈ ಬೋರ್ಡ್ ಒಂದನ್ನೇ, ಮೇನ್ಸ್ ಲೈನಿನಲ್ಲಿ 40 ವ್ಯಾಟಿನ ಬಲ್ಬನ್ನು ಸೀರೀಸ್ ಹಾಕಿ ಹಚ್ಚು. ಬಲ್ಬ್ ಒಮ್ಮೆ ಮಿನುಗಿ ಮಂದವಾದರೆ ಸರಿ, ಉರಿಯುತ್ತಲೇ ಇದ್ದರೆ ಆರಿಸಿ ಹುಡುಕು. ಎರಡೂ 15 ವೋಲ್ಟ್ ಸರಿಯಿದ್ದರೆ ಚಿಪ್ ಹಾಕದ ಲೈನ್ ಬೋರ್ಡ್ ಜೋಡಿಸಿ, ಖಾಲಿ ಸಾಕೆಟ್ಟಿನ 8ನೇ ಕಾಲಿನಲ್ಲಿ +15, 4ನೇ ಕಾಲಿನಲ್ಲಿ -15 ಇದೆಯಾ ನೋಡು. ಆಮೇಲೆ ಆರಿಸಿ, ಚಿಪ್ ಹಾಕಿ, ಔಟ್‌ಪುಟ್ಟಿನ ಕಂಡೆನ್ಸರ್ ದಾಟಿದ ಮೇಲೆ ಡಿ.ಸಿ. ಅಳೆ. ಅದು ಸೊನ್ನೆಗೆ ಇಳಿದು ನಿಲ್ಲಬೇಕು. ಸ್ಪೀಕರ್ ಹಳೆಯದೊಂದು ಇಟ್ಟುಕೋ, ಮೊದಲ ಸದ್ದು ಅದರಲ್ಲಿ ಕೇಳು.

ಹೊಸ ಪಟ್ಟಿ ಬರೆದು ಶುಕ್ರವಾರದೊಳಗೆ ಕಳಿಸು. ಭಾನುವಾರ ಎಸ್.ಪಿ. ರೋಡಿನ ಬಹುಪಾಲು ಅಂಗಡಿ ಬಾಗಿಲು ಹಾಕಿರುತ್ತವೆ, ಶನಿವಾರ ಬೆಳಗ್ಗೆಯೇ ಬಾ. ಕ್ಯಾಲಿಪರ್ ನಾನು ತರುತ್ತೇನೆ, ಮಲ್ಟಿಮೀಟರಿಗೆ ಹೊಸ ಬ್ಯಾಟರಿ ಹಾಕಿಕೊಂಡು ನೀನು ತಾ.